ಕ್ಲೇಟನ್ ಕೌಂಟಿಯ ನದಿ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿರುವ ಕನ್ನಡದ ಮನೆಗಳಿಂದ ವರ್ಷಕ್ಕೆ ನಾಲ್ಕೈದು ಸಲವಾದರೂ ಒಂದು ಫೋನ್ ಬರುತ್ತದೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ನೀವು ಹೇಳ್ತಿದ್ರಲ್ಲ ಆ ನದಿ ಊರುಗಳು, ಅಲ್ಲಿಗೆ ಹೋಗೋದು ಹೇಗೆ?" ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಹೊರಡುವ ಮುಂಚೆ

ಈ ಕ್ಲೇಟನ್ ಕೌಂಟಿ ಇರೋದೆಲ್ಲಿ? ಹೆಸರೇ ಕೇಳಿಲ್ಲವಲ್ಲ!

ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಗೆ ಅಂಟಿಕೊಂಡಿದೆ. ನದಿ ದಾಟಿದರೆ ವಿಸ್ಕಾನ್ಸಿನ್. ಇಡೀ ಕೌಂಟಿಯಲ್ಲಿ ಇರುವವರು ಸುಮಾರು 17,000 ಜನ. ದೊಡ್ಡ ಊರು ಅನ್ನಿಸಿಕೊಂಡ ಗುಟೆನ್‌ಬರ್ಗ್‌ನಲ್ಲೇ 2,000 ಜನ ಇಲ್ಲ. ಮೆಕ್‌ಗ್ರೆಗರ್, ಮಾರ್ಕೆಟ್, ಗುಟೆನ್‌ಬರ್ಗ್ ಈ ಮೂರೂ ಮಿಸಿಸಿಪ್ಪಿ ದಂಡೆಯ ಊರುಗಳು. ಕೌಂಟಿಯ ಆಡಳಿತ ಕೇಂದ್ರ ಎಲ್ಕೇಡರ್ ಇರುವುದು ಒಳಗಡೆ, ಟರ್ಕಿ ನದಿಯ ಮೇಲೆ. ಮಾರ್ಕೆಟ್ ಅಂದರೆ ಸಂತೆಯಲ್ಲ, ಅದು ಊರಿನ ಹೆಸರು. 1673ರ ಜೂನ್ 17ರಂದು ವಿಸ್ಕಾನ್ಸಿನ್ ನದಿಯಿಂದ ಮಿಸಿಸಿಪ್ಪಿಗೆ ದೋಣಿಯಲ್ಲಿ ಬಂದ ಫ್ರೆಂಚ್ ಪಾದ್ರಿ ಜಾಕ್ ಮಾರ್ಕೆಟ್ ಅವರ ಹೆಸರು ಅದು.

ಅಯೋವಾ ಅಂದ್ರೆ ಬರೀ ಮೆಕ್ಕೆಜೋಳದ ಹೊಲ, ಚಪ್ಪಟೆ ನೆಲ ಅಲ್ವಾ? ಗುಡ್ಡ ಎಲ್ಲಿಂದ ಬಂತು?

ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ. ಹಿಮಯುಗದಲ್ಲಿ ಉತ್ತರದಿಂದ ಇಳಿದ ಹಿಮದ ಹಾಸುಗಳು ಮಿಡ್‌ವೆಸ್ಟ್‌ನ ಬಹುಪಾಲು ನೆಲವನ್ನು ಉಜ್ಜಿ ಮಟ್ಟ ಮಾಡಿದವು. ಆದರೆ ಕೊನೆಯ ಸುತ್ತಿನ ಹಿಮ ಈ ಮೂಲೆಯನ್ನು ಮುಟ್ಟಲಿಲ್ಲ. ಹಿಮ ಕರಗಿ ಹರಿದ ನೀರು ಮಾತ್ರ ಇಲ್ಲಿನ ಸುಣ್ಣಕಲ್ಲು, ಮರಳುಗಲ್ಲನ್ನು ಆಳವಾಗಿ ಕೊರೆದುಕೊಂಡು ಹೋಯಿತು. ಅದಕ್ಕೇ ಇಲ್ಲಿ ಕಡಿದಾದ ಗುಡ್ಡ, ಕಿರಿದಾದ ಕಣಿವೆ, ತಣ್ಣನೆಯ ಒರತೆ, ಗುಹೆ ಎಲ್ಲ ಉಳಿದಿವೆ. ಈ ಸೀಮೆಗೆ ಡ್ರಿಫ್ಟ್‌ಲೆಸ್ ಏರಿಯಾ ಅಂತ ಹೆಸರು. ಜೋಳದ ಹೊಲದ ನಡುವೆ ಗಂಟೆಗಟ್ಟಲೆ ಓಡಿದ ಕಾರು ಇದ್ದಕ್ಕಿದ್ದ ಹಾಗೆ ಕಣಿವೆಗೆ ಇಳಿಯುತ್ತದಲ್ಲ, ಆ ತಿರುವಿಗಾಗಿಯೇ ನಾನು ಹೆದ್ದಾರಿ ಬಿಟ್ಟು ಸಣ್ಣ ರಸ್ತೆ ಹಿಡಿಯುತ್ತೇನೆ.

ಶಿಕಾಗೋದಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದಾ?

ದಯವಿಟ್ಟು ಬೇಡ. ಒಂದು ಕಡೆಗೇ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಎಂಟು ಗಂಟೆ ಕಾರಿನಲ್ಲೇ ಕಳೆದರೆ ನದಿಯ ಹತ್ತಿರ ಕೂರುವುದು ಯಾವಾಗ? ಮಿನಿಯಾಪೊಲಿಸ್, ಡೆ ಮೊಯ್ನ್ ಕಡೆಯಿಂದಲೂ ಹೆಚ್ಚು ಕಡಿಮೆ ಇಷ್ಟೇ ದೂರ. ಮ್ಯಾಡಿಸನ್‌ನಿಂದ ಎರಡು ಗಂಟೆ. ಡುಬ್ಯೂಕ್‌ನಿಂದ ಗುಟೆನ್‌ಬರ್ಗ್‌ಗೆ ಒಂದು ಗಂಟೆಯೂ ಬೇಡ. ಈ ಕೊನೆಯ ಎರಡು ಊರಿನವರು ಬೇಕಾದರೆ ಒಂದು ದಿನದಲ್ಲಿ ಮುಗಿಸಬಹುದು. ಉಳಿದವರು ಎರಡು ರಾತ್ರಿ ಇರಿ. ಒಂದು ರಾತ್ರಿ ಇದ್ದರೆ ಜಾಗಗಳನ್ನು ನೋಡಿದಂತಾಗುತ್ತದೆ, ಎರಡು ರಾತ್ರಿ ಇದ್ದರೆ ಅಲ್ಲಿ ಇದ್ದಂತಾಗುತ್ತದೆ. ಬೆಳಗಿನ ಜಾವ ನದಿಯ ಮೇಲೆ ಮಂಜು ಏಳುವುದನ್ನು ನೋಡಬೇಕಾದರೆ ಅಲ್ಲೇ ಮಲಗಿ ಏಳಬೇಕು.

ಕಾರ್ ಇಲ್ಲದೆ ಆಗುತ್ತಾ?

ಆಗಲ್ಲ. ಊರಿಂದ ಊರಿಗೆ ಬಸ್ಸಿಲ್ಲ, ಪ್ರಯಾಣಿಕರ ರೈಲೂ ಇಲ್ಲ. ಬಾಡಿಗೆ ಕಾರು ತಗೊಳ್ಳಿ. ಕಣಿವೆಗಳಲ್ಲಿ ಫೋನ್ ಸಿಗ್ನಲ್ ಹೋಗಿಬಿಡುತ್ತದೆ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಸಂಜೆ ಹೊತ್ತು ಜಿಂಕೆಗಳು ರಸ್ತೆಗೆ ಹಾರುತ್ತವೆ. ಒಂದು ದಾಟಿತು ಅಂದರೆ ಹಿಂದೆ ಇನ್ನೆರಡು ಇವೆ ಅಂತಲೇ ತಿಳಿದು ನಿಧಾನ ಮಾಡಿ.

ಯಾವ ತಿಂಗಳು ಒಳ್ಳೇದು?

ಎಲ್ಲರೂ ಹೇಳುವುದು ಅಕ್ಟೋಬರ್. ಮೊದಲ ಎರಡು ವಾರ ಗುಡ್ಡಗಳು ಕೆಂಪು, ಹಳದಿ, ಕಂದು ಬಣ್ಣದಲ್ಲಿ ತುಂಬಿಕೊಳ್ಳುತ್ತವೆ, ನಿಜಕ್ಕೂ ಚೆನ್ನ. ಆದರೆ ಆಗ ಶನಿವಾರ ಭಾನುವಾರ ರೂಮ್ ಸಿಗುವುದು ಕಷ್ಟ, ಎರಡು ಮೂರು ತಿಂಗಳು ಮುಂಚೆ ಕಾದಿರಿಸಬೇಕು. ನನ್ನನ್ನು ಕೇಳಿದರೆ ಮೇ ಕೊನೆ, ಇಲ್ಲವೇ ಸೆಪ್ಟೆಂಬರ್. ಮೇಯಲ್ಲಿ ಕಾಡಿನ ನೆಲದ ತುಂಬ ಹೂವು. ಸೆಪ್ಟೆಂಬರ್‌ನಲ್ಲಿ ಬಿಸಿಲು ಹದ, ಸೊಳ್ಳೆ ಕಡಿಮೆ, ಹೊಳೆ ಶಾಂತ. ಜುಲೈ ಸೆಕೆ ತಡೆಯಲಾಗದು, ಗಾಳಿಯಲ್ಲಿ ತೇವ ಜಾಸ್ತಿ. ಚಳಿಗಾಲದಲ್ಲಿ ಅಂಗಡಿ, ಮ್ಯೂಸಿಯಂ ಬಹಳಷ್ಟು ಮುಚ್ಚಿರುತ್ತವೆ, ಆದರೆ ಹದ್ದು ನೋಡುವವರಿಗೆ ಅದೇ ಕಾಲ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಉಪವಾಸ ಬೀಳುವುದಿಲ್ಲ, ಆದರೆ ಆಯ್ಕೆ ಕಡಿಮೆ. ಪಿಜ್ಜಾ, ಸಲಾಡ್, ಚೀಸ್ ಸ್ಯಾಂಡ್‌ವಿಚ್, ಬೆಳಗಿನ ತಿಂಡಿಗೆ ಪ್ಯಾನ್‌ಕೇಕ್ ಎಲ್ಲ ಕಡೆ ಸಿಗುತ್ತವೆ. ಕರಿದ ಚೀಸ್ ಕರ್ಡ್ಸ್, ಅಂದರೆ ತಾಜಾ ಚೀಸ್‌ನ ಸಣ್ಣ ತುಂಡುಗಳು, ಈ ಕಡೆಯ ವಿಶೇಷ. ಅದನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಕೇಳಿ ತಗೊಳ್ಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸೂಪಿಗೆ ಮಾಂಸದ ಸಾರು ಹಾಕಿದ್ದಾರಾ ಅಂತಲೂ ಕೇಳಿ. ಸೋಮವಾರ, ಮಂಗಳವಾರ ಎಷ್ಟೋ ಹೋಟೆಲ್ ಬಾಗಿಲು ತೆರೆಯುವುದಿಲ್ಲ, ರಾತ್ರಿ ಎಂಟಕ್ಕೆ ಅಡುಗೆಮನೆ ಮುಚ್ಚುವುದೂ ಉಂಟು. ಊರಿನಿಂದ ಬಂದ ಹಿರಿಯರು ಜೊತೆಗಿದ್ದರೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಕುಕ್ಕರ್, ಅಕ್ಕಿ, ಸಾರಿನ ಪುಡಿ ಕಾರಿನಲ್ಲಿ ಇರಲಿ. ಗುಡ್ಡದ ಮೇಲಿನ ಪಿಕ್ನಿಕ್ ಮೇಜಿನಲ್ಲಿ ಕೂತು, ಕೆಳಗೆ ಎರಡು ನದಿ ನೋಡುತ್ತ ಚಿತ್ರಾನ್ನ, ಮೊಸರನ್ನ ತಿಂದಷ್ಟು ಸುಖ ಯಾವ ಹೋಟೆಲಲ್ಲೂ ಸಿಕ್ಕಿಲ್ಲ ನನಗೆ.

## ಊರುಗಳು

ಎಲ್ಲಿ ಉಳಿದುಕೊಂಡರೆ ಒಳ್ಳೇದು?

ಗುಡ್ಡ ಹತ್ತುವ ಮನಸ್ಸಿದ್ದರೆ ಮೆಕ್‌ಗ್ರೆಗರ್. ನದಿ ಮೇಲಿನ ಗುಡ್ಡದಲ್ಲಿರುವ ಪೈಕ್ಸ್ ಪೀಕ್ ಪಾರ್ಕ್ ಐದು ಹತ್ತು ನಿಮಿಷ, ಮೂಲನಿವಾಸಿಗಳ ಹಳೆಯ ಮಣ್ಣಿನ ದಿಬ್ಬಗಳಿರುವ ಎಫಿಜಿ ಮೌಂಡ್ಸ್ ಕೂಡ ಹತ್ತಿರ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಹಳೆಯ ಇಟ್ಟಿಗೆ ಕಟ್ಟಡಗಳ ಒಂದೇ ಮುಖ್ಯ ಬೀದಿ, ಅದು ನೇರ ನದಿಗೆ ಹೋಗಿ ನಿಲ್ಲುತ್ತದೆ. 1837ರಲ್ಲಿ ಅಲೆಕ್ಸಾಂಡರ್ ಮೆಕ್‌ಗ್ರೆಗರ್ ಇಲ್ಲಿಂದ ದೋಣಿ ಹಾಯಿಸುತ್ತಿದ್ದರು, ಊರು ಹುಟ್ಟಿದ್ದೇ ಆ ಕಡವಿನಿಂದ. ಮುಂದೆ ಸರ್ಕಸ್‌ನಿಂದ ಹೆಸರಾದ ರಿಂಗ್ಲಿಂಗ್ ಸಹೋದರರು ಬಾಲ್ಯ ಕಳೆದದ್ದು ಈ ಊರಿನಲ್ಲಿ. ಸುಮ್ನೆ ನದಿ ದಂಡೆಯಲ್ಲಿ ನಡೆಯಬೇಕು, ಮಕ್ಕಳು ಓಡಾಡಲಿ ಅನ್ನುವವರಿಗೆ ಗುಟೆನ್‌ಬರ್ಗ್. ಅಲ್ಲಿ ದಂಡೆಯುದ್ದಕ್ಕೂ ಪಾರ್ಕ್, ನೆಲವೂ ಸಮತಟ್ಟು. ದೋಣಿ, ಕಯಾಕ್ ಅಂತ ಬಂದವರಿಗೆ ಎಲ್ಕೇಡರ್.

ಎಲ್ಕೇಡರ್ ಅನ್ನೋದು ಅರಬ್ಬಿ ಹೆಸರಿನ ಹಾಗೆ ಕೇಳುತ್ತಲ್ಲ?

ಹೌದು, ಅದು ಅರಬ್ಬಿ ಹೆಸರೇ. ಫ್ರೆಂಚರ ವಿರುದ್ಧ ಹೋರಾಡಿದ ಅಲ್ಜೀರಿಯಾದ ಎಮಿರ್ ಅಬ್ದುಲ್ ಖಾದಿರ್ ಅವರ ನೆನಪಿಗೆ 1846ರಲ್ಲಿ ಈ ಊರಿಗೆ ಹೆಸರಿಟ್ಟರು. ಅವರ ಹೋರಾಟ ಆಗಿನ್ನೂ ನಡೆಯುತ್ತಿತ್ತು. ಸಾವಿರಾರು ಮೈಲಿ ದೂರದ ಕಾಡಂಚಿನಲ್ಲಿ ಊರು ಕಟ್ಟುತ್ತಿದ್ದವರು ಅದನ್ನು ಪತ್ರಿಕೆಯಲ್ಲಿ ಓದಿ ಮೆಚ್ಚಿಕೊಂಡರು ಅಂದರೆ ನನಗೆ ಇಂದಿಗೂ ಆಶ್ಚರ್ಯ. ಎಮಿರ್ ಹುಟ್ಟಿದ ಸೀಮೆಯ ಮಸ್ಕಾರಾ ನಗರ ಈಗ ಎಲ್ಕೇಡರ್‌ನ ಸೋದರಿ ನಗರ. ಊರಿನ ನಡುವೆ ಟರ್ಕಿ ನದಿಗೆ 1889ರಲ್ಲಿ ಕಟ್ಟಿದ ಎರಡು ಕಮಾನಿನ ಕಲ್ಲಿನ ಸೇತುವೆ ಇದೆ, ಕೀಸ್ಟೋನ್ ಬ್ರಿಡ್ಜ್. ಇವತ್ತಿಗೂ ಅದರ ಮೇಲೆ ವಾಹನ ಓಡಾಡುತ್ತವೆ. ಸಂಜೆ ಸೇತುವೆಯ ಕೆಳಗಿನ ದಂಡೆಗೆ ಇಳಿದು ನೋಡಿ, ಕಮಾನುಗಳ ನೆರಳು ನೀರಲ್ಲಿ ಬಿದ್ದು ಪೂರ್ತಿ ಗುಂಡಗೆ ಕಾಣುತ್ತದೆ.

ಗುಟೆನ್‌ಬರ್ಗ್‌ನಲ್ಲಿ ಡ್ಯಾಮ್ ನೋಡಿ ಅಂತೀರಿ. ಡ್ಯಾಮ್‌ನಲ್ಲಿ ನೋಡೋದೇನಿದೆ?

ಇದು ನೀರು ಕೂಡಿಡುವ ಎತ್ತರದ ಅಣೆಕಟ್ಟಲ್ಲ. ಹಡಗು ಹೋಗುವಷ್ಟು ಆಳ ಇರಲಿ ಅಂತ 1930ರ ದಶಕದಲ್ಲಿ ಮೇಲಿನ ಮಿಸಿಸಿಪ್ಪಿಯನ್ನು ಮೆಟ್ಟಿಲುಗಳ ಹಾಗೆ ಕಟ್ಟಿದರು. ಅದರ ಒಂದು ಮೆಟ್ಟಿಲು ಈ ಲಾಕ್ ಅಂಡ್ ಡ್ಯಾಮ್ ನಂಬರ್ 10. ಪಕ್ಕದಲ್ಲಿ 600 ಅಡಿ ಉದ್ದ, 110 ಅಡಿ ಅಗಲದ ನೀರಿನ ಕೋಣೆ ಇದೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಇಳಿಸಿ, ಆ ಕಡೆಯ ಬಾಗಿಲು ತೆರೆಯುತ್ತಾರೆ. ಪಂಪ್ ಬೇಡ, ನೀರು ತನ್ನ ಭಾರಕ್ಕೇ ಹರಿಯುತ್ತದೆ.

ನೋಡಬೇಕಾದದ್ದು ಬಾರ್ಜ್‌ಗಳು, ಅಂದರೆ ಸರಕು ತುಂಬುವ ಇಂಜಿನ್ ಇಲ್ಲದ ಚಪ್ಪಟೆ ದೋಣಿಗಳು ಬಂದಾಗ. ಒಂದು ಟೋ ದೋಣಿ ಅಗಲಕ್ಕೆ ಮೂರು, ಉದ್ದಕ್ಕೆ ಐದು, ಒಟ್ಟು 15 ಬಾರ್ಜ್‌ಗಳನ್ನು ಕಟ್ಟಿ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ಒಂದೊಂದು ಬಾರ್ಜ್ 35 ಅಡಿ ಅಗಲ, ಮೂರು ಸೇರಿದರೆ 105. ಅಂದರೆ ಎರಡೂ ಬದಿಗೆ ಎರಡೂವರೆ ಅಡಿಯಷ್ಟೇ ಸಂದಿ! ಉದ್ದವಂತೂ ಕೋಣೆಗೆ ಹಿಡಿಸುವುದೇ ಇಲ್ಲ. ಹಾಗಾಗಿ ನಡುವೆ ಹಗ್ಗ ಬಿಚ್ಚಿ, ಮೊದಲು ಒಂಬತ್ತು ಬಾರ್ಜ್ ದಾಟಿಸಿ, ಆಮೇಲೆ ಆರು ಬಾರ್ಜ್ ಮತ್ತು ದೋಣಿಯನ್ನು ದಾಟಿಸಿ, ಮತ್ತೆ ಕಟ್ಟುತ್ತಾರೆ. ಒಂದೂವರೆ ಗಂಟೆ ಹಿಡಿಯುವುದುಂಟು. ಇಂಜಿನಿಯರ್ ಆಗಿ ನಿವೃತ್ತರಾದ ಅಪ್ಪಂದಿರು ಅಲ್ಲಿಂದ ಏಳುವುದೇ ಇಲ್ಲ. ಬಾರ್ಜ್ ಯಾವಾಗ ಬರುತ್ತದೆ ಅನ್ನುವುದಕ್ಕೆ ವೇಳಾಪಟ್ಟಿ ಇಲ್ಲ, ನದಿ ಕಡೆ ಕಣ್ಣಿಟ್ಟಿರಬೇಕು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ ಸಂಚಾರ ನಿಂತುಹೋಗುತ್ತದೆ.

ಊರಿನ ಹೆಸರು ಮುದ್ರಣ ಯಂತ್ರದ ಜೊಹಾನೆಸ್ ಗುಟೆನ್‌ಬರ್ಗ್ ಅವರದು. ಜರ್ಮನಿಯಿಂದ ಬಂದವರು ನೆಲೆಸಿದ ಊರಾದ್ದರಿಂದ ಬೀದಿಗಳಿಗೂ ಕವಿಗಳಾದ ಗಯಟೆ, ಷಿಲರ್, ಸಂಗೀತಗಾರ ಮೊಜಾರ್ಟ್ ಅವರ ಹೆಸರಿವೆ.

ಮೆಕ್‌ಗ್ರೆಗರ್ ಮ್ಯೂಸಿಯಂನಲ್ಲಿ ಮರಳಿನ ಬಾಟಲಿ ಇದೆಯಂತೆ, ಅದೇನು?

ಇದನ್ನು ಕೇಳಿದವರಿಗೆ ನಾನು ಫೋನಿನಲ್ಲಿ ಅರ್ಧ ಗಂಟೆ ಹೇಳುತ್ತೇನೆ. ಆಂಡ್ರ್ಯೂ ಕ್ಲೆಮೆನ್ಸ್ ಅಂತ ಒಬ್ಬ ಕಲಾವಿದ ಇದ್ದರು, 1857ರಿಂದ 1894ರವರೆಗೆ ಬದುಕಿದವರು. ಚಿಕ್ಕಂದಿನಲ್ಲಿ ಕಾಯಿಲೆ ಬಂದು ಕಿವಿ ಕೇಳಿಸದಾಯಿತು. ಊರ ಹತ್ತಿರದ ಪಿಕ್ಚರ್ಡ್ ರಾಕ್ಸ್ ಅನ್ನುವ ಕಡೆ ಮರಳುಗಲ್ಲು ಹತ್ತಾರು ಬಣ್ಣದ್ದು. ಆ ಮರಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಸಣ್ಣ ಕಡ್ಡಿಗಳಿಂದ ಬಾಟಲಿಯೊಳಗೆ ಕಾಳು ಕಾಳಾಗಿ ಕೂರಿಸಿ ಚಿತ್ರ ಮಾಡುತ್ತಿದ್ದರು. ಹಡಗು, ಹೂವು, ಹದ್ದು, ಅಕ್ಷರ ಎಲ್ಲ. ಅಂಟು ಹಾಕುತ್ತಿರಲಿಲ್ಲ. ಮರಳನ್ನು ಒತ್ತಿ ಒತ್ತಿ ಬಿಗಿ ಮಾಡುವುದು ಅಷ್ಟೇ. ಎಷ್ಟೋ ಬಾಟಲಿಗಳು ಬಾಯಿ ಕೆಳಗಾಗಿ ನಿಲ್ಲುವಂಥವು, ಅಂದರೆ ಇಡೀ ಚಿತ್ರವನ್ನು ತಲೆಕೆಳಗಾಗಿ ಮಾಡಬೇಕು! ಇಂದು ಅವು ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರ್‌ಗೆ ಹೋಗಿವೆ. ಆ ಬಣ್ಣದ ಬಂಡೆಗಳು ಈಗ ಪೈಕ್ಸ್ ಪೀಕ್ ಪಾರ್ಕಿಗೆ ಸೇರಿವೆ, ನೀವೂ ನೋಡಬಹುದು. ಆದರೆ ಒಂದು ಹಿಡಿ ಮರಳನ್ನೂ ತಗೊಂಡು ಬರಬೇಡಿ, ಅದಕ್ಕೆ ನಿಷೇಧ ಇದೆ. ಮ್ಯೂಸಿಯಂ ಎಲ್ಲ ದಿನ ತೆರೆದಿರುವುದಿಲ್ಲ, ಫೋನ್ ಮಾಡಿ ಹೋಗಿ.

ರಾತ್ರಿ ರೈಲಿನ ಸದ್ದು ಜಾಸ್ತಿ ಅಂತಾರೆ, ನಿಜಾನಾ?

ನಿಜ. ಮೆಕ್‌ಗ್ರೆಗರ್, ಮಾರ್ಕೆಟ್‌ನಲ್ಲಿ ಹಳಿಗಳು ನದಿಯ ಪಕ್ಕದಲ್ಲೇ ಊರೊಳಗೆ ಹಾದುಹೋಗುತ್ತವೆ, ಗೂಡ್ಸ್ ರೈಲುಗಳು ನಡುರಾತ್ರಿಯಲ್ಲೂ ಕೂಗುತ್ತವೆ. ನಿದ್ದೆ ಸೂಕ್ಷ್ಮ ಇದ್ದವರು ನದಿಯಿಂದ ದೂರದ, ಗುಡ್ಡದ ಮೇಲಿನ ಮನೆ ಹಿಡಿಯಿರಿ. ಮಕ್ಕಳಿಗೆ ಹಳಿ ದಾಟುವಾಗ ಮಾತ್ರ ಕೈ ಬಿಡಬೇಡಿ.

## ಗುಡ್ಡ, ಗುಹೆ, ನೀರು

ಅಮ್ಮನಿಗೆ ಮಂಡಿ ನೋವು. ಪೈಕ್ಸ್ ಪೀಕ್ ಹತ್ತೋಕೆ ಆಗುತ್ತಾ?

ಹತ್ತಬೇಕಾಗಿಯೇ ಇಲ್ಲ. ಕಾರು ಮೇಲಿನವರೆಗೂ ಹೋಗುತ್ತದೆ. ಪಾರ್ಕಿಂಗ್‌ನಿಂದ ನಾಲ್ಕು ಹೆಜ್ಜೆ ನಡೆದರೆ ನದಿಯಿಂದ 500 ಅಡಿ ಮೇಲಿನ ಕಟಾಂಜನದ ಹತ್ತಿರ ನಿಂತಿರುತ್ತೀರಿ. ಕೆಳಗೆ ವಿಸ್ಕಾನ್ಸಿನ್ ನದಿ ಬಂದು ಮಿಸಿಸಿಪ್ಪಿಗೆ ಸೇರುತ್ತದೆ. ನಡುವೆ ಹಸಿರು ನಡುಗಡ್ಡೆಗಳು, ಯಾವ ನೀರು ಯಾವ ನದಿಯದು ಅಂತ ಹೇಳಲು ಸ್ವಲ್ಪ ಹೊತ್ತು ಬೇಕು. ಪ್ರವೇಶ ಶುಲ್ಕ ಇಲ್ಲ. ಮಂಡಿ ಗಟ್ಟಿ ಇರುವವರು ಬ್ರೈಡಲ್ ವೀಲ್ ಜಲಪಾತದ ಕಡೆ ಮರದ ಹಲಗೆಯ ದಾರಿಯಲ್ಲಿ ಅರ್ಧ ಮೈಲಿ ಹೋಗಿ ಬನ್ನಿ. ಅದರಲ್ಲಿ ಮೆಟ್ಟಿಲುಗಳಿವೆ, ಅಮ್ಮನಿಗೆ ಬೇಡ. ಮಳೆ ಇಲ್ಲದ ಕಾಲದಲ್ಲಿ ಜಲಪಾತ ಒಂದು ಎಳೆಯಷ್ಟೇ ಬೀಳುತ್ತದೆ, ದೊಡ್ಡದನ್ನು ನಿರೀಕ್ಷಿಸಬೇಡಿ.

ಕೊಲೊರಾಡೋದ ಪೈಕ್ಸ್ ಪೀಕ್ ಬೇರೆ, ಆದರೆ ಹೆಸರು ಅದೇ ಅಮೆರಿಕದ ಸೇನಾಧಿಕಾರಿ ಜೆಬ್ಯುಲನ್ ಪೈಕ್ ಅವರದು. ಅವರು ಇಲ್ಲಿಗೆ ಬಂದದ್ದು 1805ರಲ್ಲಿ, ಕೊಲೊರಾಡೋದ ಶಿಖರವನ್ನು ಕಂಡದ್ದು ಮರುವರ್ಷ. ಈ ಗುಡ್ಡದ ಮೇಲೆ ಕೋಟೆ ಕಟ್ಟಬಹುದು ಅಂತ ಸೂಚಿಸಿದ್ದರು. ಕೋಟೆ ಎದ್ದದ್ದು ಮಾತ್ರ ಎದುರು ದಡದ ಪ್ರೇರೀ ಡು ಶೀನ್‌ನಲ್ಲಿ.

ಎಫಿಜಿ ಮೌಂಡ್ಸ್‌ನಲ್ಲಿ ಬರೀ ಮಣ್ಣಿನ ದಿಬ್ಬ ಅಂತೆ. ಅಷ್ಟು ದೂರ ಹೋಗೋಕೆ ಯೋಗ್ಯವಾ?

ಹೋಗಲೇಬೇಕು. ಆದರೆ ಏನು ನೋಡುತ್ತಿದ್ದೀರಿ ಅಂತ ತಿಳಿದುಕೊಂಡು ಹೋಗಿ. ಮಾರ್ಕೆಟ್‌ನಿಂದ ಉತ್ತರಕ್ಕೆ ಮೂರು ಮೈಲಿ, ಅದು ಪಕ್ಕದ ಅಲಮಕೀ ಕೌಂಟಿ. 1949ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಇಲ್ಲಿನ ಮೂಲನಿವಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಕಟ್ಟಿದ 200ಕ್ಕೂ ಹೆಚ್ಚು ದಿಬ್ಬಗಳಿವೆ. ಅವುಗಳಲ್ಲಿ 31 ಕರಡಿ ಮತ್ತು ಹಕ್ಕಿಯ ಆಕಾರದವು. ಗ್ರೇಟ್ ಬೇರ್ ಅನ್ನುವ ಕರಡಿ 137 ಅಡಿ ಉದ್ದ, ಎತ್ತರ ಮಾತ್ರ ಮೂರು ಅಡಿಗಿಂತ ಸ್ವಲ್ಪ ಹೆಚ್ಚು. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ್ದು. ನೆಲದ ಮೇಲೆ ನಿಂತವರಿಗೆ ಪೂರ್ತಿ ಆಕಾರ ಒಂದೇ ನೋಟಕ್ಕೆ ಸಿಗುವುದಿಲ್ಲ. ಮೊದಲು ವಿಸಿಟರ್ ಸೆಂಟರ್‌ನಲ್ಲಿ ಚಿತ್ರಗಳನ್ನು ನೋಡಿ, ಆಮೇಲೆ ದಿಬ್ಬದ ಸುತ್ತ ನಿಧಾನವಾಗಿ ನಡೆದರೆ ತಲೆ, ಹೆಗಲು, ಕಾಲು ಒಂದೊಂದಾಗಿ ತಿಳಿಯುತ್ತವೆ. ಅಲ್ಲಿ ಒಂದು ಥರ ಮೌನ ಇದೆ.

ಇವು ಹಲವು ಬುಡಕಟ್ಟುಗಳಿಗೆ ಇವತ್ತಿಗೂ ಪವಿತ್ರ, ಎಷ್ಟೋ ದಿಬ್ಬಗಳು ಸಮಾಧಿಗಳು ಕೂಡ. ಮೇಲೆ ಹತ್ತಬಾರದು. ಮಕ್ಕಳಿಗೆ ದೇವಸ್ಥಾನದ ಹಾಗೆ ಅಂತ ಹೇಳಿದರೆ ಸಾಕು, ಅರ್ಥವಾಗುತ್ತದೆ. ಫೈರ್ ಪಾಯಿಂಟ್‌ಗೆ ಹೋಗಿ ಬರಲು ಎರಡು ಮೈಲಿ. ಮೊದಲ ಏರು ಕಡಿದು, ಆಮೇಲೆ ಸಲೀಸು. ಇಲ್ಲೂ ಶುಲ್ಕ ಇಲ್ಲ.

ಸ್ಪೂಕ್ ಕೇವ್ ಗುಹೆಗೆ ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಹೋಗಬಹುದು. ಗುಹೆಯೊಳಗೆ ದೋಣಿಯಲ್ಲೇ ಕೂರಿಸಿ ಸುಮಾರು 35 ನಿಮಿಷ ಸುತ್ತಿಸುತ್ತಾರೆ. ಕೆಲವು ಕಡೆ ಚಾವಣಿ ಎಷ್ಟು ತಗ್ಗು ಅಂದರೆ ತಲೆ ಪೂರ್ತಿ ಬಗ್ಗಿಸಬೇಕು, ಬೆನ್ನು ನೋವು ಇರುವವರು ಯೋಚಿಸಿ. ಒಳಗೆ ವರ್ಷವಿಡೀ 47 ಡಿಗ್ರಿ ಫ್ಯಾರನ್‌ಹೀಟ್, ಜುಲೈಯಲ್ಲೂ ಸ್ವೆಟರ್ ಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಮಿಸಿಸಿಪ್ಪಿಯಲ್ಲಿ ಇಳಿದು ಸ್ನಾನ ಮಾಡಬಹುದಾ?

ಊರಿನಿಂದ ಬಂದ ಹಿರಿಯರು ಇದನ್ನು ಕೇಳಿಯೇ ಕೇಳುತ್ತಾರೆ, ನದಿ ಕಂಡರೆ ಮುಳುಗು ಹಾಕುವ ಆಸೆ. ದಂಡೆಯ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಡಿ, ತಲೆಗೆ ನೀರು ಪ್ರೋಕ್ಷಿಸಿಕೊಳ್ಳಿ. ಅಷ್ಟಕ್ಕೇ ನಿಲ್ಲಿಸಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಇದೆ, ಮರಳಿನ ತಳ ಒಂದು ಹೆಜ್ಜೆಗೆ ಮಂಡಿಯಷ್ಟು ಇದ್ದದ್ದು ಮುಂದಿನ ಹೆಜ್ಜೆಗೆ ಕುತ್ತಿಗೆ ಮೀರುತ್ತದೆ. ಡ್ಯಾಮ್‌ನ ಹತ್ತಿರವಂತೂ ಬೇಡವೇ ಬೇಡ.

ಹಾವು, ಉಣುಗು ಇದೆಯಾ?

ಉಣುಗು ಇವೆ, ಅದೇ ದೊಡ್ಡ ಕಾಟ. ಲೈಮ್ ಕಾಯಿಲೆ ಹರಡುವ ಜಾತಿಯೂ ಉಂಟು. ಉದ್ದ ಪ್ಯಾಂಟ್ ಹಾಕಿ, ಸಾಕ್ಸ್ ಮೇಲಕ್ಕೆ ಎಳೆದುಕೊಳ್ಳಿ, ರೂಮಿಗೆ ಬಂದ ಮೇಲೆ ಮೊಣಕಾಲು ಸಂದಿ, ಕಿವಿ ಹಿಂಭಾಗ ನೋಡಿಕೊಳ್ಳಿ. ಬಂಡೆಗಳಲ್ಲಿ ಟಿಂಬರ್ ರ‍್ಯಾಟಲ್ ಹಾವು ಇವೆ, ಕಾಣಸಿಗುವುದು ಅಪರೂಪ. ಕಾಣದ ಸಂದಿಗೆ ಕೈ ಹಾಕಬೇಡಿ. ಮೂರು ಎಲೆಯ ಪಾಯ್ಸನ್ ಐವಿ ಗಿಡ ಮುಟ್ಟಿದರೆ ಮೈ ಕೆರೆತ, ದಾರಿ ಬಿಟ್ಟು ಇಳಿಯದಿದ್ದರೆ ಅದರ ಭಯ ಇಲ್ಲ.

## ಎರಡನೇ ಸಲ ಹೋಗುವವರಿಗೆ

ಟರ್ಕಿ ನದಿಯಲ್ಲಿ ನಾವೇ ಕಯಾಕ್ ಹೊಡೀಬಹುದಾ? ಈಜು ಅಷ್ಟಾಗಿ ಬರಲ್ಲ.

ನೀರು ಹದವಾಗಿದ್ದಾಗ ಹೊಸಬರಿಗೂ ಸಾಧ್ಯ. ಎಲ್ಕೇಡರ್‌ನಿಂದ ಕೆಳಕ್ಕೆ ಮೋಟರ್ ಮಿಲ್‌ವರೆಗಿನ ದಾರಿ ಬಹಳ ಸೊಗಸು. ಎರಡು ಕಡೆ ಸುಣ್ಣಕಲ್ಲಿನ ಗೋಡೆ, ಕೊನೆಗೆ ಮರಗಳ ನಡುವೆ 1860ರ ದಶಕದ ಆರು ಅಂತಸ್ತಿನ ಕಲ್ಲಿನ ಹಿಟ್ಟಿನ ಗಿರಣಿ ಎದ್ದು ನಿಂತಿರುತ್ತದೆ. ಗಿರಣಿ ಸುತ್ತ ಬೆಳೆಯಬೇಕಿದ್ದ ಊರು ಉಳಿಯಲಿಲ್ಲ, ಗಿರಣಿ ಉಳಿಯಿತು.

ಲೈಫ್ ಜಾಕೆಟ್ ದೋಣಿಯಲ್ಲಿ ಒಬ್ಬೊಬ್ಬರಿಗೆ ಒಂದು ಇರಬೇಕು ಅಂತ ಕಾನೂನು. ಈಜು ಬರದವರು ಅದನ್ನು ಮೈಮೇಲೆ ಹಾಕಿಯೇ ಇರಿ, ಪಕ್ಕದಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಮಳೆಯಾದ ಮರುದಿನ ಇಳಿಯಬೇಡಿ. ಕಡಿದಾದ ಕಣಿವೆಗಳ ನೀರೆಲ್ಲ ಒಂದೇ ಕಡೆ ಬಂದು ಸೇರುವುದರಿಂದ ಈ ನದಿ ಬಹಳ ಬೇಗ ಏರುತ್ತದೆ. 2008ರಲ್ಲಿ ಎಲ್ಕೇಡರ್ ಪೇಟೆಯೊಳಗೇ ನುಗ್ಗಿತ್ತು. ದೋಣಿ ಬಾಡಿಗೆಗೆ ಕೊಡುವವರು "ಇವತ್ತು ಬೇಡ" ಅಂದರೆ ವಾದ ಮಾಡಬೇಡಿ, ಅವರಿಗೆ ನೀರು ಗೊತ್ತು. ಊರ ನಡುವೆ ಕಯಾಕ್ ಆಟಗಾರರಿಗೆ ಅಂತಲೇ ಮಾಡಿದ ಅಲೆ ಇದೆ, ಹೊಸಬರು ಅದನ್ನು ದಡದಿಂದ ನೋಡಿ. ದಂಡೆ ಬಹುಪಾಲು ರೈತರ ಜಮೀನು, ಎಲ್ಲೆಂದರಲ್ಲಿ ಹತ್ತಿ ಕೂರಬಾರದು.

ಮೀನು ಹಿಡಿಯೋಕೆ ಲೈಸೆನ್ಸ್ ಬೇಕಾ?

16 ವರ್ಷ ತುಂಬಿದವರಿಗೆ ಬೇಕು, ನೆಂಟರಾಗಿ ಬಂದವರಿಗೂ ಬೇಕು. ಆನ್‌ಲೈನ್‌ನಲ್ಲಿ ಒಂದು ದಿನದ್ದೂ ಸಿಗುತ್ತದೆ. ಬ್ಲಡಿ ರನ್, ಸ್ನೈ ಮಗಿಲ್ ತೊರೆಗಳಲ್ಲಿ ಟ್ರೌಟ್ ಹಿಡಿಯುವುದಾದರೆ ಬೇರೆ ಶುಲ್ಕ ಸೇರಿಸಬೇಕು.

ಜನವರಿಯಲ್ಲಿ ಹದ್ದು ನೋಡೋಕೆ ಹೋಗೋದು ಹುಚ್ಚಾ?

ಬೆಚ್ಚಗೆ ಉಡುಪು ಇದ್ದರೆ ಖಂಡಿತ ಅಲ್ಲ. ನದಿ ಹೆಪ್ಪುಗಟ್ಟಿದಾಗ ಡ್ಯಾಮ್‌ನ ಕೆಳಗೆ ನೀರು ಕಲಕುತ್ತಿರುವುದರಿಂದ ಅಲ್ಲಿ ಮಾತ್ರ ಮಂಜುಗಡ್ಡೆ ಕಟ್ಟುವುದಿಲ್ಲ. ಮೀನು ಬೇಕಾದ ಬಾಲ್ಡ್ ಈಗಲ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ಗುಟೆನ್‌ಬರ್ಗ್‌ನಲ್ಲಿ ಕಾರಿನೊಳಗೆ ಕೂತೇ ದಂಡೆಯ ಕಾಟನ್‌ವುಡ್ ಮರಗಳಲ್ಲಿ ಬಿಳಿ ತಲೆಗಳನ್ನು ಎಣಿಸಬಹುದು. ಚಳಿ ಹೆಚ್ಚಿದಷ್ಟೂ ಹದ್ದು ಹೆಚ್ಚು. ಬೆಳಗಿನ ಹೊತ್ತು ಹೋಗಿ. ಹತ್ತಿರ ಹೋಗಿ ಹಾರಿಸಬೇಡಿ, ಚಳಿಯಲ್ಲಿ ಸುಮ್ನೆ ಹಾರಿದರೆ ಅವುಗಳ ಶಕ್ತಿ ವ್ಯರ್ಥ.

ಬೇಸಿಗೆಯಲ್ಲೂ ಗುಡ್ಡದಿಂದ ತಣ್ಣನೆ ಗಾಳಿ ಬರುತ್ತೆ ಅಂದ್ರಿ. ಅದು ಹೇಗೆ, ಎಲ್ಲಿ?

ಇಲ್ಲಿನ ಸುಣ್ಣಕಲ್ಲಿನಲ್ಲಿ ಬಿರುಕು, ಗುಂಡಿಗಳು ಬಹಳ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಅವುಗಳೊಳಗೆ ಇಳಿದು ಒಳಗಿನ ನೀರನ್ನು ಹೆಪ್ಪುಗಟ್ಟಿಸುತ್ತದೆ. ಬೇಸಿಗೆಯಲ್ಲಿ ಅದೇ ಮಂಜುಗಡ್ಡೆಯನ್ನು ಸವರಿಕೊಂಡ ಗಾಳಿ ಉತ್ತರ ಇಳಿಜಾರಿನ ಕಲ್ಲುಗಳ ಸಂದಿಯಿಂದ ಹೊರಗೆ ಸೂಸುತ್ತದೆ. ಅದಕ್ಕೇ ಹಿಮಯುಗದ ಜೀವಗಳು ಇಲ್ಲಿ ಇನ್ನೂ ಬದುಕಿವೆ: ನಾರ್ದರ್ನ್ ಮಂಕ್ಸ್‌ಹುಡ್ ಅನ್ನುವ ನೇರಳೆ ಹೂವಿನ ಗಿಡ, ಅಳಿದೇಹೋಗಿದೆ ಅಂದುಕೊಂಡಿದ್ದ, ಉಗುರಿಗಿಂತಲೂ ಸಣ್ಣ ಒಂದು ಬಸವನಹುಳು. ಒಂದು ಕಾಲು ಜಾರಿದರೂ ಅವುಗಳ ಮನೆ ಕುಸಿಯುತ್ತದೆ, ಆದ್ದರಿಂದ ಇಂಥ ಇಳಿಜಾರುಗಳಲ್ಲಿ ಬಹುತೇಕ ಕಡೆ ಜನರಿಗೆ ಪ್ರವೇಶ ಇಲ್ಲ. ನೀವು ಹೋಗಬಹುದಾದದ್ದು ಎಡ್ಜ್‌ವುಡ್ ಊರಿನ ಹತ್ತಿರದ ಬಿಕ್ಸ್‌ಬಿ ಸಂರಕ್ಷಿತ ಕಾಡು. ಅಲ್ಲಿ ಐಸ್ ಕೇವ್ ಅನ್ನುವ ಚಿಕ್ಕ ಗುಹೆ ಇದೆ. ದಾರಿಯಲ್ಲೇ ನಿಂತು ಅದರ ಬಾಯಿಗೆ ಅಂಗೈ ಒಡ್ಡಿ. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ಇರುವ ಮಧ್ಯಾಹ್ನವೂ ಬೆರಳು ತಣ್ಣಗಾಗುತ್ತವೆ.